ಕೈಗೆ ಒಗ್ಗಿದ ಒಂದು ಕೋವಿ

2019ರ ಆಯುಧ ಕಾಯಿದೆಯ ತಿದ್ದುಪಡಿ, ಸಾಮಾನ್ಯ ಪರವಾನಗಿದಾರರು ಇಟ್ಟುಕೊಳ್ಳಬಹುದಾದ ಬಂದೂಕುಗಳ ಮಿತಿಯನ್ನು 3ರಿಂದ 2ಕ್ಕೆ ಇಳಿಸಿತು. ಹಿರಿಯರ ಕೋವಿಯನ್ನು ಒಪ್ಪಿಸಬೇಕಾಗಿ ಬಂದವರ ನೋವು ನಮಗೆ ಅರ್ಥವಾಗುತ್ತದೆ. ಆದರೆ ಗುರಿಯ ಸಾಧನೆಯನ್ನಷ್ಟೇ ನೋಡಿದರೆ ಎರಡೂ ಹೆಚ್ಚೇ ಎಂದು ನಮ್ಮ ಅಭಿಪ್ರಾಯ.

ನಮ್ಮ ಮುಂಬಯಿಯ ವರ್ಲಿಯ ಶೂಟಿಂಗ್ ರೇಂಜಿನಲ್ಲಿ ಪಳಗಿದ ಅಂಜಲಿ ಭಾಗವತ್, 2000ದ ಸಿಡ್ನಿ ಒಲಿಂಪಿಕ್ಸಿನಲ್ಲಿ 10 ಮೀಟರ್ ಏರ್ ರೈಫಲ್ ಸ್ಪರ್ಧೆಯ ಅಂತಿಮ ಸುತ್ತನ್ನು ತಲುಪಿದರು. ಆ ಗುರಿಫಲಕದ ನಡುಬಿಂದುವಿನ ಅಗಲ ಬರೀ ಅರ್ಧ ಮಿಲಿಮೀಟರ್. ಪ್ರತಿ ಕೋವಿಗೂ ಅದರದೇ ತೂಕ, ಹಿಡಿತ, ಟ್ರಿಗರಿನ ಬಿಗಿ ಇರುತ್ತದೆ. ಕೋವಿ ಬದಲಾದಾಗಲೆಲ್ಲ ಭುಜವೂ ಕೆನ್ನೆಯೂ ಬೆರಳೂ ಹೊಸದಾಗಿ ಕಲಿಯಬೇಕು. ಗುರಿ ತಪ್ಪಿದರೆ ದೋಷ ಕೋವಿಯದೋ ಕೈಯದೋ ತಿಳಿಯದು. ಒಂದನ್ನೇ ವರ್ಷಗಟ್ಟಲೆ ಹಿಡಿದವರಿಗೆ ಅಂಥ ನೆಪ ಉಳಿಯುವುದಿಲ್ಲ. ತಮ್ಮ ತಪ್ಪು ಅವರಿಗೆ ಕಾಣತೊಡಗುತ್ತದೆ. ಇನ್ನೊಂದು ಬಂದೂಕಿಗೆ ಸುರಿಯುವ ಹಣ ಅಭ್ಯಾಸಕ್ಕೆ ಸಲ್ಲಲಿ.

ಕೊಡಗಿನ ನಮ್ಮವರು ಕೈಲ್ ಮುಹೂರ್ತದಂದು ಕೋವಿಯನ್ನು ಪೂಜಿಸಿ, ಮರದ ಮೇಲೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಡುತ್ತಾರೆ. ಪೂಜೆಗೆ ಮನೆಯ ಕೋವಿಗಳನ್ನೆಲ್ಲ ಇಡಬಹುದು. ಕಾಯಿ ಒಡೆಯಲು ಕೈಗೆ ಒಗ್ಗಿದ ಒಂದು ಸಾಕು.