ಬಿಸಿಲು ಬಸುರಿಗಷ್ಟೇ ಬಡಿಯುವುದಿಲ್ಲ

ಅಷ್ಟಪದಿ ಎಂಬ ಎಂಟು ತೋಳಿನ ಕಡಲ ಜೀವಿಗೂ ನಮ್ಮ ಹುಣಸೆ ಮಂಡಿಗೂ ಏನು ಸಂಬಂಧವೆಂದು ವಾಚಕರು ಕೇಳಿಯಾರು. ಸಂಬಂಧವುಂಟು.

ಆ ಜೀವಿಯ ತಾಯಿ ಮೊಟ್ಟೆಯಿಟ್ಟ ಮೇಲೆ ಕದಲುವುದಿಲ್ಲ. ಆಹಾರ ಬಿಟ್ಟು ಕಾವಲಿದ್ದು, ಮರಿಗಳು ಹೊರಬರುವ ಹೊತ್ತಿಗೆ ಪ್ರಾಣ ಬಿಡುತ್ತದೆ. ಆಸ್ಟ್ರೇಲಿಯದ ಅಡಿಲೇಡ್ ವಿಶ್ವವಿದ್ಯಾನಿಲಯದವರು ಇಂಥ ತಾಯಂದಿರನ್ನು 19, 22 ಮತ್ತು 25 ಡಿಗ್ರಿ ನೀರಿನಲ್ಲಿಟ್ಟು ಪರೀಕ್ಷಿಸಿ, 2023ರಲ್ಲಿ ಫಲಿತಾಂಶ ಪ್ರಕಟಿಸಿದರು. 25 ಡಿಗ್ರಿಯಲ್ಲಿದ್ದ 3 ತಾಯಂದಿರಲ್ಲಿ 2 ಬೇಗನೆ ಸತ್ತವು. ಅವುಗಳ ಮೊಟ್ಟೆ ಒಂದೂ ಒಡೆಯಲಿಲ್ಲ. ಮೂರನೆಯದರಲ್ಲಿ ಅರ್ಧದಷ್ಟೂ ಮರಿಯಾಗಲಿಲ್ಲ. ಕಣ್ಣಿನ ಮಸೂರವನ್ನು ತಿಳಿಯಾಗಿಡುವ ಪ್ರೋಟೀನುಗಳೇ ಭ್ರೂಣಗಳಲ್ಲಿ ಕಡಿಮೆಯಾಗಿದ್ದವು.

ಕಡಲ ಪ್ರಾಣಿಯ ಮಾತು ಮನುಷ್ಯರಿಗೇಕೆ ಎನ್ನುವವರು ನೆರೆಯ ತಮಿಳುನಾಡನ್ನು ನೋಡಲಿ. ಅಲ್ಲಿ ಸುಮಾರು 800 ಬಸುರಿಯರನ್ನು ಅಭ್ಯಸಿಸಿ 2024ರಲ್ಲಿ ಹೊರಬಂದ ವರದಿಯಂತೆ, ಧಗೆಯಲ್ಲಿ ದುಡಿದವರಲ್ಲಿ ಗರ್ಭಪಾತ ಮತ್ತು ಸತ್ತು ಹುಟ್ಟಿದ ಕೂಸುಗಳ ಪ್ರಮಾಣ ಉಳಿದವರಿಗಿಂತ ಎರಡರಷ್ಟು. ಮೈ ತಣ್ಣಗಾಗಲು ರಕ್ತ ಚರ್ಮದ ಕಡೆ ಓಡುತ್ತದೆ, ಬೆವರಿನಲ್ಲಿ ನೀರು ಹೋಗುತ್ತದೆ. ಗರ್ಭಕ್ಕೆ ಸಲ್ಲಬೇಕಾದದ್ದು ಕಡಿಮೆಯಾಗುತ್ತದೆ.

ಈಗ ನಮ್ಮ ಸೀಮೆಗೆ ಬರೋಣ. ರಾಯಚರ್ಲು ಮೊದಲುಗೊಂಡು ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳಲ್ಲಿ ಹುಣಸೆಯ ಸುಗ್ಗಿ ಬರುವುದೇ ಬೇಸಿಗೆಗೆ. ಹಣ್ಣು ಬಡಿದು, ಬೀಜ ಬೇರ್ಪಡಿಸುವವರು ಹೆಂಗಸರು. ಕೂಲಿ ತೂಕದ ಲೆಕ್ಕ. ಎದ್ದು ನೀರು ಕುಡಿದರೆ ಅಷ್ಟು ಕಾಸು ಕಡಿಮೆ. ಹೀಗಿರುವಾಗ ‘ಬಸುರಿ ವಿಶ್ರಮಿಸಲಿ’ ಎಂದು ಉಪದೇಶ ಮಾಡುವುದು ಹಾಸ್ಯವಲ್ಲದೆ ಮತ್ತೇನು?

ಕಾನೂನಿದೆಯಲ್ಲ ಎನ್ನುತ್ತಾರೆ. 1961ರ ತಾಯ್ತನದ ಕಾಯಿದೆಗೆ 2017ರಲ್ಲಿ ತಿದ್ದುಪಡಿಯಾಗಿ ರಜೆ 12ರಿಂದ 26 ವಾರಕ್ಕೇರಿತು, ನಿಜ. ಅದರಲ್ಲಿ ಹೆರಿಗೆಗೆ ಮುಂಚೆ ಸಿಗುವುದು ಹೆಚ್ಚೆಂದರೆ 8 ವಾರ. ಗರ್ಭ ಇಳಿಯುವ ಭಯ ಹೆಚ್ಚಿರುವ ಮೊದಲ ತಿಂಗಳುಗಳಲ್ಲಿ ಧಗೆಯಿಂದ ಕಾಯುವವರಿಲ್ಲ. ಅದೂ ಹಾಜರಿ ಪುಸ್ತಕದಲ್ಲಿ ಹೆಸರಿದ್ದವರಿಗೆ. ಹುಣಸೆ ಬಿಡಿಸುವವಳ ಹೆಸರು ಯಾವ ಪುಸ್ತಕದಲ್ಲಿದೆ?

ಸಣ್ಣ ವರ್ತಕ ಬಂಧುಗಳು ‘ನಮಗೇ ಲಾಭವಿಲ್ಲ, ಇದನ್ನು ಹೊರುವುದೆಂತು?’ ಎನ್ನುವುದು ಸುಳ್ಳಲ್ಲ. ಆದರೆ ಕೆಲಸವನ್ನು ಬೆಳಗಿನ 6ರಿಂದ 11ಕ್ಕೆ, ಮತ್ತೆ ಸಂಜೆ 4ರ ನಂತರಕ್ಕೆ ಹಾಕಿಕೊಂಡರೆ ಮಾಲು ಕೆಡುವುದಿಲ್ಲ. ತಗಡಿನ ಮೇಲೆ ತೆಂಗಿನ ಗರಿ ಹೊದಿಸಲು, ಒಂದು ಮಡಕೆ ನೀರಿಡಲು ದೊಡ್ಡ ಬಂಡವಾಳ ಬೇಡ. ಉಳಿದ ಭಾರ, ಅಂದರೆ ಬಸುರಿ ಬಿಟ್ಟ ಮಧ್ಯಾಹ್ನದ ಕೂಲಿ, ಸರ್ಕಾರದ್ದು. ಮಾರ್ಚಿಯಿಂದ ಮೇವರೆಗೆ, ಬಸುರಾದ ಮೊದಲ ತಿಂಗಳಿಂದಲೇ, ಆಶಾ ಕಾರ್ಯಕರ್ತೆಯ ಚೀಟಿಯ ಮೇಲೆ ಅದನ್ನು ಕೊಡಬೇಕೆಂದು ನಾವು ಕೇಳುತ್ತೇವೆ.