ಬಜಾರಿನ ಪಟ್ಟಿ: ಕೊಡೋರು ಯಾರು, ಲೆಕ್ಕ ಕೇಳೋರು ಯಾರು?

ಗಣೇಶನ ಹಬ್ಬ ಬಂತೆಂದರೆ ಹೊಸಪೇಟೆ ಬಜಾರಿನಲ್ಲಿ ಪಟ್ಟಿ ಪುಸ್ತಕ ಹೊರಡುತ್ತದೆ. ಒಬ್ಬ ಅಂಗಡಿಯವ ಐನೂರು ಬರೆಸುತ್ತಾನೆ. ಪಕ್ಕದವ ನೂರಾ ಒಂದಕ್ಕೇ ಕೈ ಮುಗಿಯುತ್ತಾನೆ. ಮೂರನೆಯವ ‘ಮಾಲೀಕರಿಲ್ಲ, ನಾಳೆ ಬರ್ರಿ’ ಅಂತಾನೆ. ದೀಪದ ಸರ ಕಟ್ಟಿದ ಮೇಲೆ ಮಾತ್ರ ಮೂವರ ಅಂಗಡಿ ಮುಂದೂ ಬೆಳಕು ಒಂದೇ! ಹಬ್ಬಕ್ಕೇನೋ ಇದು ನಡೆದೀತು. ವರ್ಷವಿಡೀ ಕಸ ಗುಡಿಸೋಕೆ, ಶೌಚಾಲಯ ತೊಳೆಯೋಕೆ, ರಾತ್ರಿ ಕಾವಲಿಗೆ ಈ ಪಟ್ಟಿ ಸಾಕೇ?

ಇದೇ ತಾಪತ್ರಯ ಕೆನಡಾದ ಟೊರೊಂಟೊ ನಗರದ ಬ್ಲೂರ್ ವೆಸ್ಟ್ ವಿಲೇಜ್ ಎಂಬ ಬಜಾರಿಗೂ ಇತ್ತು. ಗಿರಾಕಿಗಳು ದೊಡ್ಡ ಮಾಲುಗಳ ದಾರಿ ಹಿಡಿದಿದ್ದರು. ಸಂಘ ಕಟ್ಟಿ ಪಟ್ಟಿ ಎತ್ತಿದರೆ ಕೊಡೋರು ಕೊಟ್ಟರು, ಉಳಿದವರು ಪುಕ್ಕಟೆ ಲಾಭ ಉಂಡರು. ಕಡೆಗೆ 1970ರಲ್ಲಿ ಕಾನೂನಿನ ಬಲ ಪಡೆದು, ಆ ಬಜಾರಿನ ಪ್ರತಿ ಅಂಗಡಿಯೂ ಕೊಡಲೇಬೇಕು ಎಂದಾಯಿತು. ಜಗತ್ತಿನಲ್ಲಿ ಇಂಥದ್ದು ಅದೇ ಮೊದಲು.

ಇಂಗ್ಲೆಂಡಿನಲ್ಲಿ 2003ರ ಕಾಯ್ದೆಯ ಪ್ರಕಾರ ಇದಕ್ಕೆ ವೋಟಿಂಗ್ ಆಗಬೇಕು. ವೋಟು ಹಾಕಿದ ಅಂಗಡಿಗಳ ತಲೆ ಎಣಿಕೆಯಲ್ಲೂ ಬಹುಮತ ಬೇಕು, ಅವುಗಳ ತೆರಿಗೆ ಮೌಲ್ಯದ ಲೆಕ್ಕದಲ್ಲೂ ಬಹುಮತ ಬೇಕು. ಅಂದರೆ ದೊಡ್ಡ ಅಂಗಡಿಗಳು ಸಣ್ಣವರನ್ನು ತುಳಿಯುವಂತಿಲ್ಲ, ಸಣ್ಣವರು ಗುಂಪು ಕಟ್ಟಿ ದೊಡ್ಡವರ ಮೇಲೆ ಹೊರೆ ಹಾಕುವಂತಿಲ್ಲ. ಆ ಮೌಲ್ಯದ ಮೇಲೆ ಸಾಮಾನ್ಯವಾಗಿ 1ರಿಂದ 2 ಪರ್ಸೆಂಟ್ ವಸೂಲಿ. ಹಣ ಎತ್ತಿಕೊಡೋದು ನಗರಾಡಳಿತ, ಖರ್ಚು ಮಾಡೋದು ಬಜಾರಿನವರ ಕಂಪನಿ. ಹೆಚ್ಚೆಂದರೆ ಐದು ವರ್ಷ. ಆಮೇಲೆ ಮತ್ತೆ ವೋಟು. ಬೇಡ ಅಂದರೆ ಮುಚ್ಚಿತು!

ಇದು ಬರೀ ಪರದೇಶಿ ಬುದ್ಧಿ ಅನ್ನಬೇಕಿಲ್ಲ. ಅಯ್ಯಾವೊಳೆ ಐನೂರ್ವರ ಕಾಲದಲ್ಲೇ ಕನ್ನಡ ನಾಡಿನ ವರ್ತಕರು ತಮ್ಮ ಸರಕಿನ ಮೇಲೆ ತಾವೇ ಇಷ್ಟಿಷ್ಟು ಅಂತ ಆಯ ಹಾಕಿಕೊಂಡು ದೇವಾಲಯಗಳಿಗೆ ಬಿಟ್ಟದ್ದನ್ನು ಶಾಸನಗಳು ಹೇಳುತ್ತವೆ.

ಇವತ್ತಿನ ಮಾತೇನು? 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯಲ್ಲಿ ಒಂದು ಬಜಾರಿನವರು ಕೂಡಿ ವೋಟು ಹಾಕಿ ತಮಗೆ ತಾವೇ ತೆರಿಗೆ ವಿಧಿಸಿಕೊಳ್ಳುವ ದಾರಿ ಇಲ್ಲ. ಹಾಗಂತ ಅಂಗಡಿಯವ ಕೊಡದೇ ಕೂತಿಲ್ಲ. ಆಸ್ತಿ ತೆರಿಗೆ ಇದೆ, ಅದರ ಮೇಲೆ ಆರೋಗ್ಯ, ಗ್ರಂಥಾಲಯ, ಭಿಕ್ಷುಕರ ಸೆಸ್ಸುಗಳಿವೆ, ಟ್ರೇಡ್ ಲೈಸೆನ್ಸ್ ಇದೆ. ಇದೆಲ್ಲ ಕೊಟ್ಟ ಮೇಲೂ ಇನ್ನೊಂದು ಪಟ್ಟಿ ಯಾಕೆ ಎಂಬ ಪ್ರಶ್ನೆಗೆ ಮೊದಲು ಉತ್ತರ ಬೇಕು. ಇಂಗ್ಲೆಂಡಿನಲ್ಲಿ ನಗರಾಡಳಿತ ಈಗ ಏನೇನು ಕೆಲಸ ಮಾಡುತ್ತಿದೆ ಅಂತ ಬರೆದುಕೊಡಬೇಕು. ಇಲ್ಲದಿದ್ದರೆ ಪಟ್ಟಿ ಬಂದ ಮರುದಿನವೇ ಪೊರಕೆ ಕೈಬಿಟ್ಟೀತು ಅನ್ನೋ ಭಯ ಅಲ್ಲಿಯವರಿಗೂ ಇದೆ!

ಎರಡನೇ ತೊಡಕು ಬಾಡಿಗೆಯದು. ಮಳಿಗೆ ಒಬ್ಬರದು, ವ್ಯಾಪಾರ ಇನ್ನೊಬ್ಬರದು. ಅಮೆರಿಕದಲ್ಲಿ ಹೆಚ್ಚಾಗಿ ಕಟ್ಟಡದ ಮಾಲೀಕರ ಮೇಲೆ ಈ ತೆರಿಗೆ, ಇಂಗ್ಲೆಂಡಿನಲ್ಲಿ ವ್ಯಾಪಾರ ಮಾಡುವವರ ಮೇಲೆ. ಬಜಾರು ಚೆಂದ ಆದರೆ ಬಾಡಿಗೆಯೂ ಏರುತ್ತದೆ. ಬಾಡಿಗೆದಾರನೇ ಪಟ್ಟಿ ಕೊಟ್ಟು, ಅದರ ಫಲವಾಗಿ ಹೆಚ್ಚಿನ ಬಾಡಿಗೆಯನ್ನೂ ತೆರಬೇಕಾದರೆ ಅದು ಯಾವ ಸೀಮೆ ನ್ಯಾಯ?

ಮೂರನೆಯದು ತಳ್ಳುಗಾಡಿಯವರು. ಚೊಕ್ಕಟ ಮಾಡೋದು ಅಂದರೆ ಬಡವರ ಬಂಡಿ ಎಬ್ಬಿಸೋದು ಅಂತ ಅರ್ಥ ಆಗಬಾರದು. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯಂತೆ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ 40 ಪರ್ಸೆಂಟ್ ಸದಸ್ಯರು ಬೀದಿ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಪಾಲು ಹೆಂಗಸರು. ಯಾವ ಬಜಾರ್ ಕಂಪನಿಯೂ ಈ ಕಾಯ್ದೆಯನ್ನು ದಾಟುವಂತಿಲ್ಲ.

ಕೇಳದೇ ಬಜಾರು ಸುಧಾರಿಸಿದರೆ ಏನಾಗುತ್ತದೆ ಅನ್ನೋದಕ್ಕೆ ಹಂಪಿ ದೂರ ಇಲ್ಲ. 2002ರ ಕಾಯ್ದೆಯಿಂದ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರ ಬಂತು. 2011ರ ಜುಲೈನಲ್ಲಿ ವಿರೂಪಾಕ್ಷ ಬಜಾರಿನ ಮೇಲೆ ಜೆಸಿಬಿ ಬಂತು. ಮಂಟಪಗಳು ಉಳಿಯಬೇಕು ಅನ್ನೋದರಲ್ಲಿ ತಕರಾರಿಲ್ಲ. ಆದರೆ ಅಲ್ಲೇ ಮನೆ, ಅಲ್ಲೇ ಅಂಗಡಿ ಮಾಡಿಕೊಂಡಿದ್ದವರಿಗೆ ಕಡ್ಡಿರಾಂಪುರದ ಕಡೆ ಸೈಟು ತೋರಿಸಲಾಯಿತು. ಸೈಟು ಸಿಕ್ಕೀತು, ಗಿರಾಕಿ ಸಿಗಬೇಕಲ್ಲ?

ಸಂಡೂರಿನ ಕಥೆ ಇನ್ನೊಂದು ಥರ. ಅಲ್ಲಿ ಕಡ್ಡಾಯ ವಸೂಲಿ ಇದೆ. 2015ರ ತಿದ್ದುಪಡಿಯಂತೆ ಗಣಿಯವರು ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಹಣ ಕಟ್ಟಬೇಕು. ಆ ವರ್ಷದ ಜನವರಿ 12ಕ್ಕೆ ಮುಂಚಿನ ಗುತ್ತಿಗೆಯಾದರೆ ರಾಜಧನದ 30 ಪರ್ಸೆಂಟ್, ಹರಾಜಿನ ಗುತ್ತಿಗೆಯಾದರೆ 10 ಪರ್ಸೆಂಟ್. ಗಣಿಯಿಂದ ನೊಂದ ಊರುಗಳಿಗೇ ಅದು ಸಲ್ಲಬೇಕು. ಆದರೆ ಪ್ರತಿಷ್ಠಾನ ನಡೆಯೋದು ಸರ್ಕಾರದ ಕೈಯಲ್ಲಿ. 2021ರಲ್ಲಿ ವಿಜಯನಗರ ಜಿಲ್ಲೆ ಆದಾಗ ಹೊಸಪೇಟೆ, ಹಂಪಿ ಈಚೆ ಬಂದವು, ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಧೂಳಿಗೆ ಮಾತ್ರ ಜಿಲ್ಲಾ ಗಡಿ ಗೊತ್ತಿಲ್ಲ.

ಕಂಪ್ಲಿಯ ಭತ್ತದ ವರ್ತಕರಿಗೆ ಎಪಿಎಂಸಿ ಲೆಕ್ಕ ಗೊತ್ತು. ಮಾರುಕಟ್ಟೆಗೆ ಶುಲ್ಕ, ಆ ಶುಲ್ಕದಿಂದ ಯಾರ್ಡು, ರಸ್ತೆ, ದೀಪ. ಸಮಿತಿಯಲ್ಲಿ ರೈತರ ಜೊತೆ ವರ್ತಕರ ಪ್ರತಿನಿಧಿಗೂ ಜಾಗ. ಹಾಗಾಗಿ ಇಂಥ ಏರ್ಪಾಡು ನಮ್ಮವರಿಗೆ ಹೊಸದಲ್ಲ, ಬಜಾರಿನ ಬೀದಿಗೆ ಮಾತ್ರ ಹೊಸದು.

ಇನ್ನು ಕಂಪ್ಲಿ ಬಸ್ಸಿಳಿದು ಹೊಸಪೇಟೆಯಲ್ಲಿ ಸಂತೆ ಮಾಡಿ ಹೋಗುವ ಹೆಣ್ಣುಮಗಳು. ಆಕೆಗೆ ಎಲ್ಲೂ ವೋಟಿಲ್ಲ. ಆದರೆ ಅಂಗಡಿಯವ ಕೊಟ್ಟ ಪಟ್ಟಿ ಸಾಮಾನಿನ ರೇಟಿಗೆ ಸೇರಿದರೆ ಕಡೆಗೆ ಹೊರುವವಳು ಆಕೆಯೇ. ಆಕೆಗೆ ಬೇಕಾದದ್ದು ಕುಡಿಯೋ ನೀರು, ಬೀಗ ಹಾಕದ ಶೌಚಾಲಯ, ಒಂದಿಷ್ಟು ನೆರಳು.

ನಾಳೆ ಯಾರಾದರೂ ಬಜಾರ್ ಸುಧಾರಣೆ ಅಂತ ಪುಸ್ತಕ ಹಿಡಿದು ಬಂದರೆ ಅಂಗಡಿಯವರು ನಾಲ್ಕು ಮಾತು ಕೇಳಲಿ. ವೋಟು ಯಾರಿಗೆ? ಅವಧಿ ಎಷ್ಟು? ನಗರಸಭೆ ತನ್ನ ಕೆಲಸ ಬಿಡೋದಿಲ್ಲ ಅಂತ ಬರೆದುಕೊಟ್ಟಿದೆಯೇ? ತಿಂಗಳ ಜಮಾ ಖರ್ಚು ಎಲ್ಲಿ ಅಂಟಿಸುತ್ತೀರಿ? ಉತ್ತರ ಸಿಕ್ಕರೆ ಕೊಡಲಿ. ಇಲ್ಲದಿದ್ದರೆ ಹಳೇ ಮಾತು ಇದ್ದೇ ಇದೆ: ಮಾಲೀಕರಿಲ್ಲ, ನಾಳೆ ಬರ್ರಿ!