ಗರಸು ಹೂತಿತು, ಗೊರಸು ಕೊಳೆಯಿತು

ಗೋಕಾಕ: ಮಳೆ ಬಂದರೆ ಕೇಡಲ್ಲ, ಮಗ ಉಂಡರೆ ಕೇಡಲ್ಲ ಅಂತಾರೆ ಹಿರಿಯರು. ಮಾತು ಖರೆ. ಆದರೆ ಬಂದ ಮಳೆ ಹರಿದು ಹೋಗಲು ಗಟಾರವೇ ಇಲ್ಲದಿದ್ದರೆ? ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ತಾಲೂಕುಗಳಲ್ಲಿ ಮಳೆ ಹಿಡಿಯಿತೆಂದರೆ ದನ ನಿಲ್ಲುವ ಜಾಗ, ಮಂದಿ ತಿರುಗುವ ಜಾಗ ಎರಡೂ ಒಂದೇ ಬಣ್ಣಕ್ಕೆ ತಿರುಗುತ್ತವೆ. ಅದರ ಹೆಸರು ರಾಡಿ.

ರಾಡಿ ಎಂದರೆ ಧೋತರ ಎತ್ತಿ ದಾಟಿಬಿಡುವ ಸಣ್ಣ ತ್ರಾಸು ಎಂದು ತಿಳಿದವರೇ ಬಹಳ. ಲೆಕ್ಕ ಹಾಕಿದರೆ ಇದು ರೊಕ್ಕದ ಪ್ರಶ್ನೆ.

ಕಾಣದ ಮಾಲಿಗೆ ದರ ಇಲ್ಲ

ಎಮ್ಮೆ ವ್ಯಾಪಾರಕ್ಕೆ ಮೂಡಲಗಿಯ ದನದ ಪೇಟೆಯ ಹೆಸರು ದೂರದವರೆಗೂ ಗೊತ್ತು. ಎಮ್ಮೆ ಕೊಳ್ಳುವವ ಮೊದಲು ನೋಡುವುದು ಕೆಚ್ಚಲು, ಆಮೇಲೆ ಕಾಲು, ಆಮೇಲೆ ನಡಿಗೆ. ಯಾವ ಊರಿನ ಸಂತೆಯೇ ಇರಲಿ, ಮೊಣಕಾಲಿನ ತನಕ ರಾಡಿ ಇದ್ದರೆ ಈ ಮೂರೂ ಕಾಣುವುದಿಲ್ಲ. ಕಾಣದ ಮಾಲಿಗೆ ಪೂರ್ತಿ ದರ ಯಾರು ಕಟ್ಟಿಯಾರು? ನೆಟ್ಟಗೆ ನಡೆಯುವ ಎಮ್ಮೆ ತಂದ ರೈತನಿಗೂ ಕುಂಟುವ ಎಮ್ಮೆಯ ಮಾತೇ ಕೇಳಿಬರುತ್ತದೆ. ಇನ್ನು ಗಬ್ಬದ ಎಮ್ಮೆ ಜಾರಿ ಬಿದ್ದರೆ ದರದ ಮಾತು ದೂರ ಉಳಿಯಿತು, ಜೀವ ಉಳಿದರೆ ಸಾಕು.

ಪೇಟೆಯಲ್ಲಿ ರೈತನ ಕಿಸೆಗೆ ಕಡಿಮೆ ಬಿದ್ದರೆ ಅವನು ಕಿರಾಣಿ ಅಂಗಡಿಯಲ್ಲಿ, ಅರಿವೆ ಅಂಗಡಿಯಲ್ಲಿ ಬಿಚ್ಚುವುದೂ ಕಡಿಮೆಯೇ. ಅಂಗಡಿಕಾರರು ಇದನ್ನು ದನ ಸಾಕುವವರ ಪ್ರಶ್ನೆ ಎಂದು ಬಿಡುವಂತಿಲ್ಲ.

ಎಮ್ಮೆಗೆ ಕೆಸರು ಸೇರುತ್ತದಲ್ಲ?

ಹೀಗೆ ಕೇಳುವವರಿದ್ದಾರೆ. ಎಮ್ಮೆ ಬಿಸಿಲ ಝಳಕ್ಕೆ ಮೈ ತಂಪು ಮಾಡಿಕೊಳ್ಳಲು ನೀರಿಗೆ, ಕೆಸರಿಗೆ ಇಳಿಯುತ್ತದೆ. ಸಾಕಾದಾಗ ಎದ್ದು ಬರುತ್ತದೆ. ಸಗಣಿ, ಗಂಜಲ ಕಲಸಿದ ರಾಡಿಯಲ್ಲಿ ಹಗಲು ರಾತ್ರಿ ಕಟ್ಟಿ ನಿಲ್ಲಿಸುವುದು ಬೇರೆ ಮಾತು. ಸತತ ಹಸಿಯಲ್ಲಿ ಗೊರಸು ಮೆತ್ತಗಾಗಿ ಬಿರಿಯುತ್ತದೆ, ಅದರ ಸಂದಿಯಲ್ಲಿ ರೋಗಾಣು ಸೇರಿ ಕೊಳೆ ಹತ್ತುತ್ತದೆ. ರಾಡಿಯಲ್ಲೇ ಮಲಗಿದರೆ ಮೊಲೆಯ ತುದಿಯಿಂದ ರೋಗಾಣು ಒಳಹೊಕ್ಕು ಕೆಚ್ಚಲುಬಾವು ಬರುತ್ತದೆ. ಡೇರಿಗೆ ಹೋಗುವ ಹಾಲು ಅಲ್ಲಿಗೆ ನಿಂತಿತು.

ಕುದುರೆಯ ಪಾಡು ಇನ್ನೂ ನಾಜೂಕು. ಕುರಿಗಾರರ ಗಂಟುಮೂಟೆ ಹೊರುವ ತಟ್ಟು ಇರಲಿ, ಗಾಡಿ ಶರ್ಯತ್ತಿಗೆಂದು ಸಾಕಿದ ಕುದುರೆ ಇರಲಿ, ಅದಕ್ಕೆ ಕಾಲೇ ಬಂಡವಾಳ. ರಾಡಿಯಲ್ಲಿ ನಿಂತ ಕುದುರೆಯ ಗೊರಸಿನ ತಳ ಕಪ್ಪಾಗಿ ಕೊಳೆತು ನಾರುತ್ತದೆ, ಹಿಮ್ಮಡಿಯ ಮೇಲಿನ ಚರ್ಮ ಹುಣ್ಣಾಗುತ್ತದೆ. ರಾಡಿಯೊಳಗೆ ಕಾಣದ ಮೊಳೆಯೊಂದು ಚುಚ್ಚಿದರೆ ಧನುರ್ವಾಯುವಿನ ಭಯ. ಸಾಕುಪ್ರಾಣಿಗಳಲ್ಲಿ ಆ ರೋಗಕ್ಕೆ ಬಲು ಬೇಗ ತುತ್ತಾಗುವುದು ಕುದುರೆಯೇ.

ಪ್ರತಿ ವರ್ಷ ಗರಸು, ಪ್ರತಿ ವರ್ಷ ರಾಡಿ

ರಾಡಿ ಆಯಿತೆಂದರೆ ನಮ್ಮಲ್ಲಿ ಒಂದೇ ಔಷಧ. ಒಂದು ಟ್ರಾಕ್ಟರ್ ಗರಸು ತಂದು ಮೇಲೆ ಸುರಿಯುವುದು. ಎಂಟು ದಿನ ಚಂದ, ಮತ್ತೊಂದು ಮಳೆಗೆ ಗರಸು ಮಾಯ. ಎಲ್ಲಿ ಹೋಯಿತು? ಎಲ್ಲೂ ಹೋಗಿಲ್ಲ, ಅಲ್ಲೇ ಕೆಳಗೆ ಹೂತಿದೆ.

ಎರಿ ಮಣ್ಣಿನ ಗುಣವೇ ಹಾಗೆ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರುಕು ಬಿಡುತ್ತದೆ. ಹಸಿಯಿದ್ದಾಗ ದನ ತುಳಿದರೆ ನೀರು ಇಳಿಯುವ ಸಣ್ಣ ಸಣ್ಣ ತೂತುಗಳೆಲ್ಲ ಮುಚ್ಚಿಹೋಗುತ್ತವೆ. ಭತ್ತದ ಗದ್ದೆಯಲ್ಲಿ ನೀರು ನಿಲ್ಲಿಸಲು ಬೇಕೆಂದೇ ಮಾಡುವ ಕೆಲಸವನ್ನು ಇಲ್ಲಿ ಗೊರಸು ಪುಕ್ಕಟೆ ಮಾಡಿಕೊಡುತ್ತದೆ. ಮೇಲೆ ಸಗಣಿ, ಮೇವಿನ ಕಸ ಬಿದ್ದು ಸ್ಪಂಜಿನಂತೆ ನೀರು ಹಿಡಿಯುತ್ತವೆ. ಇಂಥ ಜಾಗಕ್ಕೆ ಕಲ್ಲು ಸುರಿದರೆ ಅಂಬಲಿಯೊಳಗೆ ಕಾಳು ಹಾಕಿದಂತೆ.

ನೀರಿನ ಲೆಕ್ಕವನ್ನೂ ನೋಡಿರಿ. ಒಂದು ಇಂಚು ಮಳೆ ಬಿದ್ದರೆ ಒಂದು ಎಕರೆ ಜಾಗದ ಮೇಲೆ ಸುಮಾರು 1 ಲಕ್ಷ ಲೀಟರ್ ನೀರು. ಮೂವತ್ತು ಅಡಿ ಉದ್ದ, ಇಪ್ಪತ್ತು ಅಡಿ ಅಗಲದ ತಗಡಿನ ಶೆಡ್ಡಿನಿಂದಲೇ ಸುಮಾರು 1,400 ಲೀಟರ್ ನೆಟ್ಟಗೆ ದನದ ಕಾಲಿಗೆ ಇಳಿಯುತ್ತದೆ.

ಮೊದಲು ನೀರು, ಆಮೇಲೆ ಕಲ್ಲು

ಆದ್ದರಿಂದ ಕೆಲಸದ ಕ್ರಮ ತಿರುಗಬೇಕು. ಮೊದಲು ತಗಡಿನ ನೀರಿಗೆ ಪನ್ನಳ, ಮೇಲುಭಾಗದಿಂದ ಬರುವ ನೀರಿಗೆ ಗಟಾರ. ಎರಡನೆಯದು, ರಾಡಿ ಮತ್ತು ಸಗಣಿ ಕೆರೆದು ಗಟ್ಟಿ ನೆಲ ಕಾಣುವ ತನಕ ತೆಗೆಯುವುದು. ತೆಗೆದದ್ದು ತಿಪ್ಪೆಗೆ ಹೋದರೆ ಗೊಬ್ಬರ. ಮೂರನೆಯದು, ನೂರು ಅಡಿಗೆ ಎರಡು ಅಡಿಯಷ್ಟು ಇಳಿಜಾರು. ನಾಲ್ಕನೆಯದು, ಕೆಳಗೆ ದಪ್ಪ ಖಡಿ, ಅದರ ಮೇಲೆ ಗೊರಸಿಗೆ ಚುಚ್ಚದ ಸಣ್ಣ ಗರಸು, ಕೊನೆಗೆ ರೋಲರ್. ಇಂಗ್ಲೆಂಡ್, ಅಮೆರಿಕದಲ್ಲಿ ಕುದುರೆ ಸಾಕುವವರು ಮಣ್ಣು ಮತ್ತು ಖಡಿಯ ನಡುವೆ ಜಿಯೋಟೆಕ್ಸ್‌ಟೈಲ್ ಎಂಬ ಗಟ್ಟಿ ಬಟ್ಟೆ ಹಾಸುತ್ತಾರೆ. ನೀರು ಇಳಿಯುತ್ತದೆ, ಕಲ್ಲು ಹೂಳುವುದಿಲ್ಲ. ನಮ್ಮಲ್ಲೂ ರಸ್ತೆ ಕೆಲಸಕ್ಕೆ ಬಳಕೆಯಲ್ಲಿರುವ ಸಾಮಾನೇ ಅದು.

ಇಡೀ ಪೇಟೆಗೆ ಒಮ್ಮೆಲೇ ಮಾಡಲು ರೊಕ್ಕ ಎಲ್ಲಿದೆ ಎನ್ನಬಹುದು. ಒಮ್ಮೆಲೇ ಬೇಡ. ಹೆಚ್ಚು ತುಳಿತ ಇರುವುದು ಗೇಟು, ನೀರಿನ ತೊಟ್ಟಿ, ಗಾಡಿಯಿಂದ ದನ ಇಳಿಸುವ ಕಟ್ಟೆ ಈ ಮೂರು ಕಡೆ. ಅಲ್ಲಿಂದ ಸುರುವಾಗಲಿ. ಮನೆಯಲ್ಲಿ ನಾಲ್ಕು ಎಮ್ಮೆ ಕಟ್ಟುವವರಿಗೂ ಇದೇ ಮಾತು: ಮಳೆಗಾಲಕ್ಕೆಂದು ಒಂದೇ ಜಾಗ ಗಟ್ಟಿ ಮಾಡಿ ಅಲ್ಲೇ ಕಟ್ಟಿದರೆ ಉಳಿದ ಹಿತ್ತಲು ಬಚಾವು.

ಬಸ್ಸಿನವರ ಪಾಲು

ಬಸ್ಸಿಗೆ ನಿಲ್ಲುವವರ ಕಾಲಿಗೂ ಇದೇ ಕಾಯಿದೆ. ಬಸ್ಸು ತಿರುಗುವ ಮೂಲೆ, ಹತ್ತುವ ಜಾಗ, ಅಂಗಡಿ ಸಾಲಿನ ಮುಂದಿನ ಓಣಿ ಇಲ್ಲೆಲ್ಲ ಗೊರಸಿನ ಕೆಲಸವನ್ನು ಚಕ್ರ ಮಾಡುತ್ತದೆ. ಹಿಂಗಾರಿ ಮಳೆ ಹೊತ್ತಿಗೆ ಕಬ್ಬಿನ ಟ್ರಾಕ್ಟರುಗಳು ಹೊಲದ ಎರಿಯನ್ನು ಡಾಂಬರಿಗೆ ಹೊತ್ತು ತರುತ್ತವೆ. ಅದರ ಮೇಲೆ ಹನಿ ಬಿದ್ದರೆ ರಸ್ತೆ ಎಣ್ಣೆ ಸುರಿದಂತೆ, ಮೊದಲು ಬೀಳುವವ ಮೋಟಾರ್ ಸೈಕಲಿನವ. ಹೊಲದ ದಾರಿ ರಸ್ತೆಗೆ ಕೂಡುವಲ್ಲಿ ಐವತ್ತು ಅಡಿ ಖಡಿ ಹಾಸಿದರೆ ಗಾಲಿಯ ಮಣ್ಣು ಬಹುಪಾಲು ಅಲ್ಲೇ ಉದುರುತ್ತದೆ.

2019ರ ಆಗಸ್ಟಿನಲ್ಲಿ ಘಟಪ್ರಭಾ, ಮಾರ್ಕಂಡೇಯ ಉಕ್ಕಿ ಗೋಕಾಕಕ್ಕೆ ನೀರು ಹೊಕ್ಕಾಗ ಅಂಗಡಿಕಾರರು ಬಾಚಿದ ಕೆಸರು ಹೊಳೆ ತಂದದ್ದು. ಅದು ಮಂದಿಯ ಕೈಯಲ್ಲಿರಲಿಲ್ಲ. ಪೇಟೆಯ ರಾಡಿ, ಬಸ್ಸಿನ ಕಟ್ಟೆಯ ರಾಡಿ ಮಾತ್ರ ಪೂರಾ ಕೈಯಲ್ಲಿರುವುದೇ. ಕೆಲಸಕ್ಕೆ ಹದವಾದ ಕಾಲ ಬೇಸಿಗೆ, ನೆಲ ಒಣಗಿ ಕಲ್ಲಾಗಿರುವಾಗ. ರಾಡಿ ಎದ್ದ ಮೇಲೆ ಟೆಂಡರ್ ಕರೆದರೆ ಗರಸಿನ ಜೊತೆಗೆ ಜನರ ರೊಕ್ಕವೂ ಹೂಳುತ್ತದೆ. ಸಂತೆಯ ದನಕ್ಕೆ ಫೀ ಎಣಿಸಿಕೊಳ್ಳುವವರು ಆ ದನ ಒಣ ನೆಲದ ಮೇಲೆ ನಿಂತಿದೆಯೇ ಎಂದು ಒಮ್ಮೆ ಕೆಳಗೂ ನೋಡುವರೆ?